ಒರೆಸಿದ ಕಂಚು

ಮಧ್ಯ ಅಮೆರಿಕದ ಕ್ರೀಡಾಕೂಟ ನಡೆದಷ್ಟು ದಿನವೂ ಮಸಾಯಾ ಊರಿನ ಕ್ಷೌರಿಕ ಎವೆಲಿಯೊ ಅಂಗಡಿ ಮುಂದಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೇಶಗಳ ಪದಕಪಟ್ಟಿ ಬರೆಯುತ್ತಿದ್ದ. ಎಲ್ಲ ಪದಕ ಕೂಡಿದಾಗ ನಮ್ಮ ನಿಕರಾಗುವಾ ಮೇಲಿದ್ದರೆ ಕೂಡಿ ಬರೆಯುವುದು, ಇಲ್ಲದಿದ್ದರೆ ಚಿನ್ನ ಮಾತ್ರ ಬರೆಯುವುದು. ಹೇಗಾದರೂ ಸರಿ, ಪಕ್ಕದ ಕೋಸ್ಟರಿಕಾ ನಮ್ಮ ಕೆಳಗಿರಬೇಕು. ಅವನ ದೇಶಾಭಿಮಾನ ಅಷ್ಟೇ. ಕೊನೆಯ ದಿನ ಒಟ್ಟು ಪದಕಗಳಲ್ಲಿ ಕೋಸ್ಟರಿಕಾ ಮುಂದೆ ಹೋದದ್ದೇ ಅವನು ಬೆಳ್ಳಿ, ಕಂಚಿನ ಲೆಕ್ಕವನ್ನೇ ಒದ್ದೆ ಬಟ್ಟೆಯಿಂದ ಒರೆಸಿಹಾಕಿದ.

"ಕಂಚು ಅಂದ್ರೆ ಏನ್ರೋ, ಸೋತೋರ ಕಣ್ಣೊರೆಸೋಕೆ ಕೊಡೋದು," ಅಂದ. ಕುರ್ಚಿಯಲ್ಲಿದ್ದವನು ಮುಖದ ತುಂಬ ನೊರೆ ಇಟ್ಟುಕೊಂಡೇ ನಕ್ಕ.

ಮರುದಿನ ಹಿಂದಿನ ಬೀದಿಯಲ್ಲಿ ತೋರ್ತಿಯಾ ರೊಟ್ಟಿ ಮಾರುವ ಪೆಟ್ರೋನಾ ಮಗಳನ್ನು ಕರೆದುಕೊಂಡು ಬಂದಳು. ಮಗಳು ಯಹೋಸ್ಕಾ ಭಾರ ಎತ್ತುವವಳು. ಕೊರಳಲ್ಲಿ ಕಂಚಿನ ಪದಕವಿತ್ತು.

"ಎವೆಲಿಯೊ, ಇವಳ ಪದಕ ಎಲ್ಲಿ ಬರ್ದಿದೀಯ ತೋರ್ಸಪ್ಪ. ಪಕ್ಕದಲ್ಲಿ ನಿಲ್ಲಿಸಿ ಒಂದು ಫೋಟೊ ತೆಗೀಬೇಕು."

ಒರೆಸಿದ ಜಾಗದ ಬಿಳಿ ಕಲೆ ಹಾಗೇ ಕಾಣುತ್ತಿತ್ತು. ಎವೆಲಿಯೊ ತಡಬಡಿಸಿ ಸೀಮೆಸುಣ್ಣ ಹುಡುಕಿದ. "ಈಗ್ಲೇ ಬರೀತೀನಿ ಮಗಳೇ, ಒಂದ್ನಿಮಿಷ."

ಯಹೋಸ್ಕಾ ಹಲಗೆಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು.

"ಬೇಡ ಬಿಡಿ ಮಾಮ. ನಂದು ಬರೆದ್ರೆ ಕೋಸ್ಟರಿಕಾದವರದ್ದೂ ಬರೀಬೇಕಾಗತ್ತೆ. ಆಮೇಲೆ ನಾವು ಕೆಳಗೆ ಹೋಗ್ತೀವಿ."

ಅವಳು ಪದಕವನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು ಹಲಗೆಯ ಪಕ್ಕ ನೆಟ್ಟಗೆ ನಿಂತಳು. ಪೆಟ್ರೋನಾ ತನ್ನ ಫೋನನ್ನು ಎವೆಲಿಯೊನ ಕೈಗೆ ಕೊಟ್ಟಳು. ಫೋಟೊವನ್ನು ಅವನೇ ತೆಗೆಯಬೇಕಾಯಿತು.