ಗುಡುಗಪ್ಪನ ಸಫಾರಿ

"ಗುಡಾರಕ್ಕೆ ಬೇಲಿ ಇರಲ್ವಾ?"

ಊಟದ ಮೇಜಿನ ಮೇಲೆ ಹರಡಿದ್ದ ನಕ್ಷೆಯಿಂದ ನಾಲ್ಕು ತಲೆಗಳು ಒಟ್ಟಿಗೆ ಮೇಲೆದ್ದವು. ಕೇಳಿದವನು ಗುಡುಗಪ್ಪ. ಅವನ ಬಾಯಿಂದ ಬಂದರೆ 'ಉಪ್ಪು ಈ ಕಡೆ ತಳ್ಳಿ' ಎನ್ನುವ ಮಾತೂ ಯಾವುದೋ ಸಾಮ್ರಾಜ್ಯ ಬಿದ್ದ ಸುದ್ದಿಯಂತೆ ಕೇಳಿಸುತ್ತಿತ್ತು. ಹಾಗಾಗಿ ಆ ಪ್ರಶ್ನೆಯೊಳಗಿದ್ದ ನಡುಕ ಯಾರಿಗೂ ತಿಳಿಯಲಿಲ್ಲ.

"ಇರಲ್ಲ ಸಾರ್. ಅದೇ ಅಲ್ಲಿನ ಐಷಾರಾಮ," ಎಂದಳು ಪ್ರವಾಸ ಕಚೇರಿಯ ಹೆಂಗಸು. ಕನ್ನಡಕವನ್ನು ಸರಪಳಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಮಾತಿಗೊಮ್ಮೆ ಅದನ್ನು ಮೂಗಿಗೇರಿಸಿ ಇಳಿಸುತ್ತಿದ್ದಳು. "ಪ್ರಾಣಿಗಳು ಪಕ್ಕದಲ್ಲೇ ಓಡಾಡ್ತಾವೆ. ಹೋದ ವರ್ಷ ನಮ್ಮ ಗಿರಾಕಿಯೊಬ್ರು ಬಯಲು ತೊಟ್ಟಿಯಲ್ಲಿ ಸ್ನಾನಕ್ಕೆ ಕೂತಿದ್ರು. ಆನೆ ಬಂದು ಸೊಂಡಿಲು ಇಳಿಬಿಟ್ಟು ಅರ್ಧ ನೀರು ಕುಡಿದು ಹೋಯ್ತು."

"ಅಯ್ಯೋ, ಸೋಪಿನ ನೀರು!" ಎಂದಳು ಭಾವಮೈದನ ಹೆಂಡತಿ, ದಂತವೈದ್ಯೆ.

"ಆ ಗಿರಾಕಿ?" ಎಂದ ಗುಡುಗಪ್ಪ.

"ಈ ವರ್ಷ ಮತ್ತೆ ಹೋಗ್ತಿದಾರೆ ಸಾರ್."

ಭಾವಮೈದ ಮೇಜು ಗುದ್ದಿ ನಕ್ಕ. ಇಪ್ಪತ್ತೆರಡು ವರ್ಷ ಬಾತ್‌ರೂಮ್ ಟೈಲ್ಸ್ ಮಾರಿ, ಅಂಗಡಿಯನ್ನು ಇನ್ನೊಬ್ಬರಿಗೆ ಮಾರಿ ಎರಡು ತಿಂಗಳಾಗಿತ್ತು. ಬದುಕಿನಲ್ಲಿ ಒಂದಾದರೂ ದೊಡ್ಡದನ್ನು ನೋಡಬೇಕು ಎಂದು ಅವನಿಗೆ ಹುಚ್ಚು ಹಿಡಿದಿತ್ತು. ಆಫ್ರಿಕಾದ ಬಯಲಲ್ಲಿ ವೈಲ್ಡ್‌ಬೀಸ್ಟ್ ಎಂಬ ದನದಂಥ ಜಿಂಕೆಗಳು ಲಕ್ಷಗಟ್ಟಲೆ ಮೇವು ಹುಡುಕುತ್ತ ನದಿ ದಾಟುತ್ತವಲ್ಲ, ಅದಕ್ಕಿಂತ ದೊಡ್ಡದು ಯಾವುದಿದೆ? "ನಾವು ನಾಲ್ಕು ಜನ. ಖರ್ಚು ನನ್ನದು. ವಿವರಣೆ ನಮ್ಮ ಭಾವಂದು!" ಎಂದು ಅವನು ಘೋಷಿಸಿಬಿಟ್ಟಿದ್ದ.

ಭಾವನನ್ನು ಬಿಟ್ಟರೆ ಇನ್ಯಾರು? ಟಿವಿಯಲ್ಲಿ ಸಿಂಹ ಓಡಿದರೆ, ಹದ್ದು ಎರಗಿದರೆ, ಹಿಮಕರಡಿ ಮರಿ ಹಾಕಿದರೆ ಹಿಂದೆ ಕೇಳುತ್ತಿದ್ದುದು ಅವನ ದನಿಯೇ. ಲಿಫ್ಟ್ ರಿಪೇರಿ ಕಂಪನಿಯ ಮೇಲಿನ ಮಹಡಿಯಲ್ಲಿ, ಗೋಡೆಗೆಲ್ಲ ಮೆತ್ತೆ ಬಡಿದ ಪುಟ್ಟ ಕೋಣೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಅವನು ಕಾಡಿಗೆ ಮಾತು ಕೊಡುತ್ತಿದ್ದ. ಗುಡುಗಪ್ಪ ಎಂಬ ಹೆಸರೂ ಅಲ್ಲಿಯೇ ಹುಟ್ಟಿದ್ದು. ಬ್ಯಾಂಕಿನಲ್ಲಿ, ಕ್ಷೌರದಂಗಡಿಯಲ್ಲಿ ಜನ ಅವನ ದನಿ ಕೇಳಿ ತಿರುಗಿ ನೋಡುತ್ತಿದ್ದರು. "ಹುಲಿ ಮುಂದೆ ನಿಂತಾಗ ಹೆಂಗನ್ಸುತ್ತೆ ಸಾರ್?" ಎಂದು ಕೇಳುತ್ತಿದ್ದರು. ಅವನು ಸುಮ್ಮನೆ ಮುಗುಳ್ನಗುತ್ತಿದ್ದ. ಆ ಮುಗುಳ್ನಗೆಯನ್ನೂ ಅವರು ಧೈರ್ಯದ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದರು.

ಅಸಲು ಸಂಗತಿ ಬೇರೆ. ದೂರದಲ್ಲಿ ನಾಯಿ ಕಂಡರೆ ಗುಡುಗಪ್ಪನಿಗೆ ಇದ್ದಕ್ಕಿದ್ದಂತೆ ಎದುರು ಬದಿಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಮೆಟ್ಟಿಲ ಮೇಲೆ ನೆರೆಮನೆಯ ಬೆಕ್ಕು ಮಲಗಿದ್ದರೆ ಅದು ಏಳುವವರೆಗೂ ಕೆಳಗೆ ನಿಂತು ಗೇಟಿಗೆ ಅಂಟಿಸಿದ ನೋಟಿಸುಗಳನ್ನು ಓದುತ್ತಿದ್ದ. ಮೊಸಳೆ ಬಾಯಿ ತೆರೆಯುವ ದೃಶ್ಯ ಬಂದಾಗಲಂತೂ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು, ಪರದೆಯ ಮೂಲೆಯ ಗಡಿಯಾರದ ಅಂಕಿಗಳನ್ನಷ್ಟೇ ನೋಡುತ್ತ ಓದಿ ಮುಗಿಸುತ್ತಿದ್ದ. ಇದು ಧ್ವನಿಮುದ್ರಣ ಮಾಡುವವನಿಗೆ ಮಾತ್ರ ಗೊತ್ತಿತ್ತು. ಅವನು ಒಳ್ಳೆಯವನು, ಯಾರಿಗೂ ಹೇಳಿರಲಿಲ್ಲ.

ಬರುವುದಿಲ್ಲ ಎಂದು ಮೊದಲ ದಿನವೇ ಹೇಳಬಹುದಿತ್ತು. ಆದರೆ ಇಪ್ಪತ್ತಾರು ವರ್ಷದ ಹುಲಿಯ ಚರ್ಮ. ಒಂದೇ ಸಲಕ್ಕೆ ಕಳಚಿ ಗೂಟಕ್ಕೆ ನೇತುಹಾಕುವುದು ಹೇಗೆ? ತಾನು ಹೇಳುವ ಬದಲು ಅವರೇ ಬೇಡ ಎನ್ನುವಂತೆ ಮಾಡಿದರಾಯಿತು ಎಂದು ಅವನು ಯೋಚಿಸಿದ.

ಮರುವಾರ ಭಾನುವಾರ ಬೆಳಿಗ್ಗೆ ಚಹಾದ ಲೋಟ ಬದಿಗಿಟ್ಟು ಶುರು ಮಾಡಿದ. "ನದಿ ಶಾಂತವಾಗಿದೆ. ಆದರೆ ಆ ಶಾಂತಿಯ ಕೆಳಗೆ ಹಸಿವು ಕಾದು ಕುಳಿತಿದೆ. ಐದು ಮೀಟರ್ ಉದ್ದದ ಮೊಸಳೆ ಮರದ ದಿಮ್ಮಿಯಂತೆ ಮಲಗಿದೆ. ದಡದ ಮೇಲಿನ ಮಣ್ಣು ಕುಸಿದರೆ, ಕಾಲು ಜಾರಿದರೆ, ಮುಗಿಯಿತು..."

ಕೊನೆಯ ಪದವನ್ನು ಅವನು ಹೊಟ್ಟೆಯ ತಳದಿಂದ ಎತ್ತಿ ಮೇಜಿನ ಮೇಲಿಟ್ಟ. ಕಿಟಕಿಯ ಗಾಜು ಸಣ್ಣಗೆ ಅದುರಿತು. ಗೆದ್ದೆ ಎಂದುಕೊಂಡ.

"ಭಾವ," ಎಂದ ಭಾವಮೈದ ಒದ್ದೆಗಣ್ಣಿನಲ್ಲಿ, "ಇನ್ನೂ ಎರಡು ದಿನ ಜಾಸ್ತಿ ಹಾಕಿಸೋಣ. ನದಿ ದಡದಲ್ಲೇ."

"ಅಣ್ಣ, ಮೊಸಳೆಗೆ ಎಷ್ಟು ಹಲ್ಲು?" ಎಂದಳು ದಂತವೈದ್ಯೆ.

"ಅರವತ್ತು ಚಿಲ್ಲರೆ."

"ಬಿದ್ರೆ?"

"ಮತ್ತೆ ಹುಟ್ಟುತ್ತೆ. ಸಾಯೋತನಕ."

"ಹಂಗಾದ್ರೆ ಆ ಊರಲ್ಲಿ ನಾನು ಅಂಗಡಿ ಇಡೋ ಹಾಗಿಲ್ಲ," ಎಂದು ಅವಳು ನಕ್ಕಳು.

ಹೀಗೆ ಗುಡುಗಪ್ಪ ಹೆದರಿಸಿದಷ್ಟೂ ಪ್ರವಾಸ ಬೆಳೆಯಿತು. ಚಿರತೆಯ ಮಾತೆತ್ತಿದ್ದಕ್ಕೆ ಮುಂಜಾನೆಯ ಕಾಲ್ನಡಿಗೆ ಸೇರಿತು. ನೀರಾನೆ ಸಿಟ್ಟಿಗೆದ್ದರೆ ದೋಣಿಯನ್ನೇ ಮಗುಚುತ್ತದೆ ಎಂದಿದ್ದಕ್ಕೆ ದೋಣಿ ವಿಹಾರ ಸೇರಿತು. ನೆಲದ ಮೇಲೆ ಎಲ್ಲೂ ಸುರಕ್ಷಿತವಲ್ಲ ಎಂದದ್ದಕ್ಕೆ ಬಿಸಿಗಾಳಿಯ ಬಲೂನೂ ಬಂತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ.

ಇಷ್ಟೆಲ್ಲ ನಡೆಯುವಾಗ ಅವನ ಹೆಂಡತಿ ಮಾತಾಡಿದ್ದು ಕಡಿಮೆ. ಅವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಕತ್ತಲ ಕೋಣೆಯಲ್ಲಿ ಕೂತು, ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಬೇರೆಯವರನ್ನು ಕೇಳುವ ಕೆಲಸ. ಒಂದು ಸಂಜೆ ಗುಡುಗಪ್ಪ ಮನೆಗೆ ಬಂದಾಗ ಅವಳು ಬಾಲ್ಕನಿಯಲ್ಲಿ ನಿಂತು ಹೊಸ ದುರ್ಬೀನಿನಲ್ಲಿ ಎದುರು ಕಟ್ಟಡದ ನೀರಿನ ಟ್ಯಾಂಕು ನೋಡುತ್ತಿದ್ದಳು.

"ಟ್ಯಾಂಕಲ್ಲೇನಿದೆ?"

"ಏನಿಲ್ಲ. ಅಭ್ಯಾಸ." ಅವಳು ದುರ್ಬೀನು ಇಳಿಸಲಿಲ್ಲ. "ಅಲ್ಲಾ ರೀ, ನೀವು ಹಾಲ್‌ನಲ್ಲಿ ಕೂತು ಗಟ್ಟಿಯಾಗಿ ಓದಿ ತಯಾರಿ ಮಾಡ್ತೀರಲ್ಲ, ನಾನು ಅಡುಗೆಮನೇಲಿ ನಿಂತು ಎಷ್ಟು ಕಾಡು ಕೇಳಿದೀನಿ! ಒಂದು ಎಲೆ ನೋಡಿಲ್ಲ."

ಹೇಳಬೇಕೆಂದು ಗುಡುಗಪ್ಪ ಬಾಯಿ ತೆರೆದ. ಅವಳ ಕತ್ತಿನಲ್ಲಿ ದುರ್ಬೀನಿನ ಪಟ್ಟಿ ಹೊಸತಾಗಿ ಹೊಳೆಯುತ್ತಿತ್ತು. "ಟ್ಯಾಂಕು ಚೆನ್ನಾಗಿ ಕಾಣುತ್ತಾ?" ಎಂದಷ್ಟೇ ಕೇಳಿ ಒಳಗೆ ಹೋದ.

ಮೂರನೆಯ ಭಾನುವಾರ ಫಾರಂ ತುಂಬುವ ದಿನ. ಪ್ರವಾಸದ ಹೆಂಗಸು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳುತ್ತಿದ್ದಳು: ರಕ್ತದ ಗುಂಪು, ಅಲರ್ಜಿ, ಮೊಣಕಾಲು ನೋವು. ಕೊನೆಗೆ ಕನ್ನಡಕ ಏರಿಸಿ ಓದಿದಳು. "ಎತ್ತರ, ನೀರು, ಪ್ರಾಣಿ, ಇವುಗಳಲ್ಲಿ ಯಾವುದರ ಭಯವಾದರೂ ಇದೆಯೇ? ಇದ್ರೆ ಈಗ್ಲೇ ಹೇಳ್ಬೇಕು, ಅಲ್ಲಿ ಹೋದ್ಮೇಲೆ ಗಾಡಿ ವಾಪಸ್ ತಿರುಗಿಸಲ್ಲ." ಆಮೇಲೆ ಗುಡುಗಪ್ಪನತ್ತ ನೋಡಿ ನಕ್ಕಳು. "ನಿಮ್ಮನ್ನ ಕೇಳೋದೇ ತಪ್ಪು ಸಾರ್. 'ಇಲ್ಲ' ಅಂತ ಹಾಕ್ತೀನಿ."

ಪೆನ್ನಿನ ತುದಿ ಹಾಳೆಗೆ ತಾಗುವುದು ಗುಡುಗಪ್ಪನಿಗೆ ಕಾಣಿಸಿತು. ಗಾಡಿ ವಾಪಸ್ ತಿರುಗುವುದಿಲ್ಲ.

"ಇದೆ," ಎಂದ.

ಅದು ಅವನ ದನಿಯಾಗಿರಲಿಲ್ಲ. ತೆಳ್ಳಗೆ, ತಂತಿಯ ಹಾಗಿತ್ತು. ಯಾರು ಮಾತಾಡಿದ್ದೆಂದು ಭಾವಮೈದ ಹಿಂದೆ ತಿರುಗಿ ನೋಡಿದ.

"ಯಾವ ಪ್ರಾಣಿ ಸಾರ್?"

"ಎಲ್ಲಾ. ಬೆಕ್ಕಿಂದ ಹಿಡಿದು."

"ಪಾರಿವಾಳದಿಂದ," ಎಂದಳು ಹೆಂಡತಿ, ತಲೆಯೆತ್ತದೆ.

ಗುಡುಗಪ್ಪ ಅವಳತ್ತ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಮದುವೆಯಾದ ಎರಡನೇ ವಾರದಿಂದ. ಕಿಟಕೀಲಿ ಪಾರಿವಾಳ ಕೂತಿದೆ ಅಂತ ನೀವು ಒಂದು ಗಂಟೆ ಬಚ್ಚಲಿಂದ ಹೊರಗೆ ಬರ್ಲಿಲ್ಲ. ಸ್ನಾನ ಚೆನ್ನಾಗಿತ್ತು ಅಂದ್ರಿ."

ದಂತವೈದ್ಯೆ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಅವಳ ಗಂಡ ನಗಲಿಲ್ಲ. ಅವನ ಮುಖದ ಬಣ್ಣ ನಿಧಾನಕ್ಕೆ ಇಳಿಯುತ್ತಿತ್ತು.

"ಭಾವ, ಇದೇನು ಹಿಂಗಂದ್ರಿ? ನಾನು ನಿಮ್ಮ ಧೈರ್ಯದ ಮೇಲೆ ತಾನೇ ಹೊರಟಿದ್ದು! ಇಪ್ಪತ್ತೆರಡು ವರ್ಷ ಟೈಲ್ಸ್ ಮಾರಿದವನು ನಾನು. ನಂಗೆ ಪ್ರಾಣಿ ಅಂದ್ರೆ ಹಲ್ಲಿ." ಸ್ವಲ್ಪ ಹೊತ್ತು ನಕ್ಷೆಯನ್ನೇ ದಿಟ್ಟಿಸಿ, ಎಡ ಮೊಣಕಾಲು ನೀವಿಕೊಂಡ. "ಹಾಗ್ ನೋಡಿದ್ರೆ ಈ ಕಾಲೂ ಸರಿ ಇಲ್ಲ."

"ನಂಗೂ ಎರಡು ಬಾಯಿ ಅರ್ಧಕ್ಕೆ ನಿಂತಿವೆ," ಎಂದಳು ದಂತವೈದ್ಯೆ ಅವಸರದಲ್ಲಿ. "ಹಲ್ಲು ತುಂಬಿಸ್ದೆ ಹೋದ್ರೆ ಪಾಪ, ಹೇಗೆ ಅಗೀತಾರೆ?"

ಬೀಸುವ ದೊಣ್ಣೆ ತಪ್ಪಿದವರ ಹಾಗೆ ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿಕೊಂಡರು. ಐದೇ ನಿಮಿಷದಲ್ಲಿ ಮಾತು ಸಮುದ್ರ ತೀರದ ಹೋಟೆಲಿಗೆ ಹೊರಳಿತು; ಅಲ್ಲಿ ಈಜುಕೊಳವಿತ್ತು, ಕೊಳಕ್ಕೆ ಒಳ್ಳೆಯ ಟೈಲ್ಸ್ ಹಾಕಿದ್ದರಂತೆ. ಪ್ರವಾಸದ ಹೆಂಗಸು ನಿಟ್ಟುಸಿರು ಬಿಟ್ಟು ಆಫ್ರಿಕಾವನ್ನು ಅಂಚಿನಿಂದ ಮಡಚತೊಡಗಿದಳು.

"ಮಡಚಬೇಡಿ," ಎಂದಳು ಗುಡುಗಪ್ಪನ ಹೆಂಡತಿ.

ಅಂಗೈಯನ್ನು ನಕ್ಷೆಯ ಮೇಲೆ, ನದಿ ಇದ್ದ ಜಾಗದಲ್ಲಿ ಊರಿದ್ದಳು.

"ನನ್ನ ಭಯದ ಕಾಲಂ ಇನ್ನೂ ಕೇಳಿಲ್ಲ ನೀವು. ಇಲ್ಲ ಅಂತ ಬರ್ಕೊಳ್ಳಿ. ಒಂದು ಗುಡಾರ. ಒಬ್ಬರಿಗೆ. ಖರ್ಚು ನಂದೇ."

"ಅಕ್ಕಾ, ಒಬ್ಬಳೇನಾ?" ತಮ್ಮ ಗಾಬರಿಯಾದ.

"ಹದಿನೈದು ಲಕ್ಷ ಪ್ರಾಣಿ ಇರುತ್ತಂತೆ. ಒಬ್ಬಳೇ ಹೇಗಾಗುತ್ತೆ?"

ಆಮೇಲಿನ ಆರು ವಾರ ಗುಡುಗಪ್ಪ ಮಾಡಿದ ಕೆಲಸ ನೋಡಿದರೆ, ಹೋಗುವವನು ಅವನೇ ಎಂದು ಯಾರಾದರೂ ತಿಳಿದುಕೊಳ್ಳುತ್ತಿದ್ದರು. ಹೋಗಬೇಕಿಲ್ಲ ಎಂದಾದ ಮೇಲೆ ಅವನಿಗೆ ಕಾಡು ತುಂಬ ಹತ್ತಿರವಾಯಿತು. ಕಡುನೀಲಿ ಬಟ್ಟೆಗೆ ಅಲ್ಲಿನ ನೊಣ ಮುತ್ತುತ್ತದೆಂದು ಅವಳ ನೀಲಿ ಅಂಗಿಗಳನ್ನೆಲ್ಲ ಪೆಟ್ಟಿಗೆಯಿಂದ ಹೊರಗೆಳೆದ. ಪುಟ್ಟ ವಿಮಾನಕ್ಕೆ ಹದಿನೈದು ಕಿಲೋ ದಾಟಬಾರದೆಂದು ಮೆತ್ತನೆಯ ಚೀಲವನ್ನು ಕೈಯಲ್ಲಿ ಹಿಡಿದು, ತಾನೇ ತೂಕದ ಯಂತ್ರ ಹತ್ತಿ ಇಳಿದ. ಒಂದು ದಿನ ಸಂಕೋಚದಿಂದಲೇ ಹೇಳಿದ, "ನದಿ ದಾಟೋ ಭಾಗ ನಾನು ಮುದ್ರಿಸಿ ಕೊಡ್ತೀನಿ. ಕಿವಿಗೆ ಹಾಕ್ಕೊಂಡು ನೋಡು. ನಾನೂ ಬಂದ ಹಾಗಾಗುತ್ತೆ."

ಅವಳು ಕಾಲುಚೀಲಗಳನ್ನು ಸುರುಳಿ ಸುತ್ತುತ್ತಿದ್ದವಳು ನಿಲ್ಲಿಸಿ ಯೋಚಿಸಿದಳು.

"ಬೇಡ ರೀ. ನೀವು ಮಾತಾಡಿದ್ರೆ ನಂಗೆ ಕಣ್ಣು ಮುಚ್ಕೊಳ್ಳೋ ಅಭ್ಯಾಸ ಆಗಿಬಿಟ್ಟಿದೆ."

ಗುಡುಗಪ್ಪನಿಗೆ ಚುರುಕ್ಕೆಂದಿತು. ಮರುಕ್ಷಣ ನಗು ಬಂತು. ಆಮೇಲೆ ಏನು ಬಂತೋ ಅವನಿಗೇ ತಿಳಿಯದೆ, ಅವಳ ಕೈಯಿಂದ ಇನ್ನೊಂದು ಜೊತೆ ಕಾಲುಚೀಲ ತೆಗೆದುಕೊಂಡು ಸುತ್ತಲು ಕೂತ.

ಅವಳು ಹೋಗಿ ನಾಲ್ಕು ದಿನವಾಯಿತು. ದಿನಕ್ಕೊಂದು ಸಂದೇಶ ಬರುತ್ತಿತ್ತು, ತಂತಿ ಕಳಿಸಿದಷ್ಟು ಚುಟುಕು. 'ಹಿಂಡು ದಡಕ್ಕೆ ಬಂತು. ವಾಪಸ್ ಹೋಯ್ತು.' ಮರುದಿನ, 'ಇವತ್ತೂ ಬಂತು. ಇವತ್ತೂ ಹೋಯ್ತು. ನಿಮ್ಮ ಹಾಗೇ.'

ಐದನೆಯ ದಿನ ಸಂಜೆ ಒಲೆಯ ಮೇಲೆ ಹಾಲಿಟ್ಟು ನಿಂತಿದ್ದಾಗ ಫೋನು ಬಡಿದುಕೊಂಡಿತು.

"ವಿಡಿಯೋ ಹಾಕಲ್ಲ, ಹೆದರ್ಬೇಡಿ," ಎಂದಳು ಪಿಸುದನಿಯಲ್ಲಿ. "ಇಳೀತಾ ಇವೆ. ಬರೀ ಕೇಳಿ."

"ಮೊಸಳೆ..."

"ಶ್!"

ಅವನು ಬಾಯಿ ಮುಚ್ಚಿದ. ಚಿತ್ರಗಳಲ್ಲಿ ಈ ಜಾಗಕ್ಕೆ ಯಾವಾಗಲೂ ನಗಾರಿ ಬಾರಿಸುತ್ತಿದ್ದರು. ಅದರ ಮೇಲೆ ಅವನ ದನಿ ಏರುತ್ತಿತ್ತು. ಈಗ ನಗಾರಿ ಇರಲಿಲ್ಲ. ಮೊದಲು ನೀರು ಒಡೆಯುವ ಸದ್ದು. ಅದರ ಹಿಂದೆ ಇನ್ನೊಂದು, ಮೊದಮೊದಲು ಅವನಿಗೆ ಅರ್ಥವೇ ಆಗಲಿಲ್ಲ. ಹ್ಞೂಂ, ಹ್ಞೂಂ, ಹ್ಞೂಂ. ಯಾರೋ ಹೇಳುತ್ತಿದ್ದ ಉದ್ದನೆಯ ಕಥೆಗೆ ಸಾವಿರಾರು ಜನ ಒಟ್ಟಿಗೆ ಹೂಂಗುಟ್ಟಿದಂತೆ. ಅದು ಮುಗಿಯಲೇ ಇಲ್ಲ. ಅದರ ನಡುವೆ ಎಲ್ಲೋ ಅವಳು ಉಸಿರಾಡುವುದೂ ಕೇಳುತ್ತಿತ್ತು.

ಹಾಲು ನೊರೆಯೆದ್ದು ಪಾತ್ರೆಯ ಅಂಚಿಗೆ ಬಂತು. ಗುಡುಗಪ್ಪ ಫೋನನ್ನು ಕಿವಿಯಿಂದ ಕದಲಿಸದೆ, ಒಂದು ಕೈ ಚಾಚಿ, ಸದ್ದಾಗದ ಹಾಗೆ ಒಲೆಯ ತಿರುಗಣೆಯನ್ನು ತಿರುಗಿಸಿದ.