ಐದನೆಯ ಹುಳ

‘ಎಣಿಸಿಬಿಟ್ಟರೆ?’ ಮಧ್ಯಾಹ್ನ ಡೈರಿಯಲ್ಲಿ ಪೂರ್ವಿ ಬರೆದದ್ದು ಅದೊಂದೇ ಸಾಲು. ಈಗ ಪಾಯಸದ ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಾಗಲೂ ತಲೆಯಲ್ಲಿ ಅದೇ ಸಾಲು.

ಒಕುದಾ ಗೋಡೆಯ ಮೇಲಿನ ಜಪಾನಿ ಸುರುಳಿಚಿತ್ರದ ಮುಂದೆ ನಿಂತಿದ್ದರು. ಶರತ್ಕಾಲದ ಹುಲ್ಲುಹೂಗಳು, ಅವುಗಳ ಸುತ್ತ ಹುಳಗಳು. ತಮ್ಮ ತಾಯಿಯ ಕಾಲದ ಅದನ್ನು ಪೂರ್ವಿ, ಸ್ವರೂಪರ ಮದುವೆಗೆ ಉಡುಗೊರೆ ಕೊಟ್ಟವರು ಅವರೇ. ಈ ಪರದೇಶದ ಊರು ಬಯಾನ್ ಲೆಪಾಸಿನ ಚಿಪ್ ಫ್ಯಾಕ್ಟರಿಯಲ್ಲಿ ಅವಳ ಗಂಡ ಸ್ವರೂಪನ ಮೇಲಧಿಕಾರಿ. ಮುಂದಿನ ವಾರ ನಿವೃತ್ತಿಯಾಗಿ ಊರಿಗೆ ಹೊರಟವರು.

“ಎರಡು ವರ್ಷದಿಂದ ಇಳಿಸೇ ಇಲ್ವಾ?” ಎಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. “ನಮ್ಮಲ್ಲಿ ಋತು ಮುಗಿದ್ರೆ ಸುತ್ತಿ ಇಡ್ತೀವಿ. ಅದಕ್ಕೂ ವಿಶ್ರಾಂತಿ ಬೇಕು.”

“ಇಲ್ಲಿ ಸೆಕೆ ಒಂದೇ ಋತು ಲಾ, ಸರ್!” ಇಲ್ಲಿಯವರ ಧಾಟಿಯಲ್ಲಿ ‘ಲಾ’ ಸೇರಿಸಿ ಸ್ವರೂಪ ನಕ್ಕ.

ಅವರು ಪೂರ್ವಿಯ ಕಡೆ ತಿರುಗಿದರು. “ನೀವು ದಿನವಿಡೀ ಏನು ಮಾಡ್ತೀರಿ?”

“ಅವಳಿಗೆ ಕೆಲಸ ಮಾಡೋ ವೀಸಾ ಇಲ್ಲ ಸರ್. ಆರಾಮಾಗಿದಾಳೆ. ಮಾತೇ ಕಮ್ಮಿ.” ಅವಳನ್ನು ಕೇಳಿದ್ದಕ್ಕೆಲ್ಲ ಉತ್ತರ ಅವನದೇ, ಡಾಕ್ಟರ ಹತ್ತಿರವೂ, ಅವಳ ಅಮ್ಮನ ಫೋನಿನಲ್ಲೂ.

ಹದಿನೇಳನೆಯ ಮಹಡಿ, ದಿನಕ್ಕೆ ಹನ್ನೊಂದು ಗಂಟೆ ಒಬ್ಬಳೇ. ಹೋದ ತಿಂಗಳು ಚಿತ್ರದ ಅಂಚಿನಲ್ಲಿ ಬೂಷ್ಟಿನ ಕಲೆ ಕಂಡಾಗ, ಗಂಡ ಬೈದಾನೆಂದು ಹೆದರಿ, ಅದರ ಮೇಲೊಂದು ಮಿಡತೆ ಬರೆದಿದ್ದಳು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ರೆಕಾರ್ಡಿಗೆ ಚಿತ್ರ ಬರೆದು ಪಳಗಿದ ಕೈ. ಎರಡು ದಿನ ಹಿಡಿದಿತ್ತು. ಆ ಎರಡು ದಿನ ಅವಳು ಗಡಿಯಾರ ನೋಡಿರಲಿಲ್ಲ.

ಒಕುದಾ ಬೆರಳು ಚಾಚಿ ಎಣಿಸಿದರು. “ಐದು? ನಾಲ್ಕಲ್ವಾ ಇದ್ದದ್ದು? ಚಿಕ್ಕವನಿದ್ದಾಗ ಅಮ್ಮ ನನಗೆ ಎಣಿಸೋದು ಕಲಿಸಿದ್ದೇ ಇದರಲ್ಲಿ.”

“ಮೊದಲಿಂದ್ಲೂ ಐದೇ ಸರ್. ನಾನು ದಿನಾ ನೋಡ್ತೀನಲ್ಲ!” ಎಂದ ಸ್ವರೂಪ.

ಮುದುಕರು ಮತ್ತೆ ಮೊದಲಿಂದ ಎಣಿಸಿದರು, ತುಟಿಯಲ್ಲೇ, ಮಗುವಿನಂತೆ. ಬೆರಳು ಗಾಳಿಯಲ್ಲೇ ನಿಂತಿತು.

“ಹಾಗಾದ್ರೆ ಮರೆವು ಶುರುವಾಯ್ತು. ಮಗಳು ಹೇಳ್ತಾನೇ ಇದಾಳೆ,” ಎಂದು ಕೈ ಇಳಿಸಿದರು.

“ಏನೇ ನೋಡ್ತಾ ನಿಂತೆ? ಪಾಯಸ ಕೊಡು,” ಸ್ವರೂಪ ಕನ್ನಡದಲ್ಲಿ ಗದರಿದ.

ಬಟ್ಟಲು ಬೆರಳು ಸುಡುತ್ತಿತ್ತು. ಪೂರ್ವಿ ಅದನ್ನು ಮೇಜಿನ ಮೇಲಿಟ್ಟಳು. ನಾಲ್ಕು ಹುಳಗಳು ಹೂವಿನತ್ತ ಮುಖ ಮಾಡಿದ್ದವು, ಅವಳದೊಂದು ಅಂಚಿನತ್ತ.

“ನಾಲ್ಕೇ ಇದ್ದದ್ದು ಸರ್,” ಎಂದಳು. “ಐದನೇದನ್ನ ಬರೆದದ್ದು ನಾನು.”