ಸುಮಾತ್ರದ ನಾಲ್ಕು ಕಾರಣ

ಬಾಗಲಗುಂಟೆಯಲ್ಲಿ ಆವಲಪ್ಪನ ಕತೆ ಕೇಳದವರು ಯಾರೂ ಇರಲಿಲ್ಲ. ಪೂರ್ತಿ ಕೇಳಿ ಮುಗಿಸಿದವರೂ ಇರಲಿಲ್ಲ, ಏಕೆಂದರೆ ಅದು ಮುಗಿಯುತ್ತಲೇ ಇರಲಿಲ್ಲ. ದೊಡ್ಡ ಯುದ್ಧಕ್ಕೆ ಪಲ್ಟನ್ನಿನ ಅಡಿಗೆಯವನಾಗಿ ಹೋದ ಈ ಮನುಷ್ಯ ಒಂದು ಗುಂಡೂ ಹೊಡೆಯಲಿಲ್ಲ, ಮೂಟೆಗಟ್ಟಲೆ ಬೇಳೆ ಬೇಯಿಸಿದ. ಜಪಾನಿನವರು ಸೋತ ಮೇಲೆ ಅವನ ಪಲ್ಟನ್ನನ್ನು ಹಡಗಿಗೆ ತುಂಬಿ ಸುಮಾತ್ರ ಎಂಬ ದ್ವೀಪದಲ್ಲಿ ಇಳಿಸಿದರು. ಅಲ್ಲಿ ಇದ್ದದ್ದು ಒಂದೇ ವರ್ಷ. ಊರಿಗೆ ಮರಳಿ ಹದಿನಾಲ್ಕು ವರ್ಷವಾಗಿದ್ದರೂ ಅವನ ನಾಲಿಗೆ ಮಾತ್ರ ಇನ್ನೂ ವಾಪಸು ಹಡಗು ಹತ್ತಿರಲಿಲ್ಲ.

ಸಂಜೆ ಮನೆಯ ಮುಂದಿನ ಜಗುಲಿಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ಶುರು. ಒಳಗೆ ಅವನ ಹೆಂಡತಿ ಮುನಿಕೆಂಪಮ್ಮ ಅವರೆಕಾಯಿ ಸುಲಿಯುತ್ತಲೋ ರಾಗಿ ಕೇರುತ್ತಲೋ ಕೇಳುತ್ತಿದ್ದಳು. ಹೊರಗಿನವರಿಗೆ ಅದು ಹೊತ್ತು ಕಳೆಯುವ ಮಾತು. ಅವಳಿಗೆ ಹಾಗಲ್ಲ. ಎಷ್ಟು ಸಲ ಕೇಳಿದರೂ ಒಂದು ಕಡೆ ಬಂದಾಗ ಅವಳ ಕೈ ತಾನಾಗಿ ನಿಂತುಬಿಡುತ್ತಿತ್ತು.

ಪಡಾಂಗ್ ಎಂಬ ಪೇಟೆಯ ಹಿಂದೆ ಬೆಟ್ಟ. ಬೆಟ್ಟದ ಮೈತುಂಬ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ನೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ತಾನೇ ಇಳಿಯುತ್ತದೆ, ಎತ್ತು ಕಟ್ಟಿ ಬಾವಿಯಿಂದ ಕಪಿಲೆ ಹೊಡೆಯುವ ಕೆಲಸವೇ ಇಲ್ಲ. ಪೈರಿನ ಬುಡದಲ್ಲಿ ಮೀನು ಓಡಾಡುತ್ತವೆ. ಮನೆಯ ಮಾಡು ಎರಡೂ ತುದಿಯಲ್ಲಿ ಎಮ್ಮೆಯ ಕೊಂಬಿನ ಹಾಗೆ ಮೇಲಕ್ಕೆದ್ದಿದೆ, ಮುಂದೆ ಕಾಲಿನ ಮೇಲೆ ನಿಂತ ಕಣಜ. ತರಕಾರಿ, ಕೋಳಿ ಕೊಳ್ಳಲು ಆವಲಪ್ಪ ಅಲ್ಲಿಗೆ ಹೋಗುತ್ತಿದ್ದ. ಜೊತೆಗೆ ಪೇಟೆಯ ಒಬ್ಬ ತಮಿಳು ಅಂಗಡಿಯವನು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಓಡಾಡಿ ಆವಲಪ್ಪನಿಗೆ ತಮಿಳು ಬರುತ್ತಿದ್ದರಿಂದ ಅವನ ಮೂಲಕ ಮಾತು ನಡೆಯಿತು. ಮನೆಯ ಮೆಟ್ಟಿಲ ಮೇಲೆ ಎಲೆಯಡಿಕೆ ಕುಟ್ಟುತ್ತ ಕೂತ ಒಬ್ಬ ಮುದುಕಿಯನ್ನು ಆವಲಪ್ಪ, "ಯಜಮಾನ್ರು ಎಲ್ಲಮ್ಮ?" ಎಂದು ಕೇಳಿದ. ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕು ತನ್ನ ಎದೆಯನ್ನೇ ತಟ್ಟಿಕೊಂಡಳು.

"ಅಲ್ಲಿ ಬೂಮಿ ಎಂಗಸ್ರುದು ಕಣ್ರಪ್ಪೋ!" ಎಂದು ಆವಲಪ್ಪ ದನಿ ಏರಿಸುತ್ತಿದ್ದ. "ತಾಯಿಂದ ಮಗಳ್ಗೆ, ಮಗಳಿಂದ ಮೊಮ್ಮಗಳ್ಗೆ. ಗಂಡ ಅನ್ನೋನು ಸಂಜೆ ಬಂದು ಬೆಳಿಗ್ಗೆ ಎದ್ದೋಗೋ ನೆಂಟ. ಮಾರೋ ಮಾತೇ ಇಲ್ಲ. ಅಡ ಇಡ್ಬೇಕು ಅಂದ್ರೂ ನಾಕೇ ಕಾರ್ಣ." ಇಲ್ಲಿ ಬೆರಳು ಮೇಲೇಳುತ್ತಿದ್ದವು. "ಮನೇಲಿ ಎಣ ಬಿದ್ದಿರ್ಬೇಕು. ಬೆಳ್ದ ಮಗ್ಳು ಮದ್ವೆ ಇಲ್ದೆ ಕೂತಿರ್ಬೇಕು. ಮನೆ ಮಾಡು ಸೋರ್ತಿರ್ಬೇಕು. ಕುಲದ ಯಜಮಾನನ್ಗೆ ಪಟ್ಟ ಕಟ್ಬೇಕು. ಈ ನಾಕ್ ಬಿಟ್ರೆ..."

"ಐದ್ನೇದಿಲ್ಲ!" ಎಂದು ಜಗುಲಿಯವರೆಲ್ಲ ಒಟ್ಟಿಗೆ ಕೂಗುತ್ತಿದ್ದರು. ಪಕ್ಕದ ಹೊಲದ ಮುನಿರಾಮಯ್ಯ ತೊಡೆ ತಟ್ಟಿಕೊಂಡು ನಗುತ್ತಿದ್ದ. "ಅದೆಲ್ಲ ಸರಿ, ಆ ಊರ್ಗಂಡಸ್ರು ಸೀರೆ ಉಡ್ತಾರಾ?" ಎನ್ನುವುದು ಅವನ ಹದಿನಾಲ್ಕು ವರ್ಷದ ಹಳೆಯ ತಮಾಷೆ. ಒಳಗೆ ಮುನಿಕೆಂಪಮ್ಮನ ಮೈ ಜುಮ್ಮೆನ್ನುತ್ತಿತ್ತು. ಇದೇ ಆಕಾಶದ ಕೆಳಗೆ, ಸಮುದ್ರದ ಆಚೆ, ಮೆಟ್ಟಿಲ ಮೇಲೆ ಕೂತು 'ಇದು ನನ್ನದು' ಎಂದು ಎದೆ ತಟ್ಟಿಕೊಳ್ಳುವ ಹೆಂಗಸು! ಸುಳ್ಳೇ ಇರಬಹುದು. ಸುಳ್ಳಾದರೂ ಎಂಥ ಸುಳ್ಳು!

ಅವಳಿಗೂ ಒಂದು ತೋಟವಿತ್ತು. ಇತ್ತು ಎನ್ನಬೇಕೋ ಇರಲಿಲ್ಲ ಎನ್ನಬೇಕೋ, ನೀವೇ ಹೇಳಿ. ಅದೇ ಊರಿನ ಮೇಲುಬೀದಿ ಅವಳ ತವರು. ಮದುವೆಯಲ್ಲಿ ತಾಯಿ ಮುನಿಯಲ್ಲಮ್ಮ ಬಾವಿಯಂಚಿನ ಒಂದು ಹಿಡಿ ಮಣ್ಣನ್ನು ಅರಿಶಿನ ಕುಂಕುಮದ ಜೊತೆ ಅವಳ ಮಡಿಲಿಗೆ ಹಾಕಿ, "ಬಾವಿ ಸುತ್ತಿನ ಎರಡೆಕ್ರೆ ನಿಂದು ಕಣವ್ವ" ಎಂದಿದ್ದಳು. ಊರಿಗೆ ಊರೇ ನೋಡಿತ್ತು. ಕಾಗದ ಮಾತ್ರ ಯಾರೂ ಬರೆಯಲಿಲ್ಲ. ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದಕ್ಕೆ ಪತ್ರ ಕೇಳುವುದು ಅಮ್ಮನ ಕೈತುತ್ತಿಗೆ ರಸೀತಿ ಕೇಳಿದಂತೆ ಎಂದು ನಮ್ಮ ಕಡೆಯವರ ನಂಬಿಕೆ, ಇಂಥ ನಂಬಿಕೆಯಿಂದಲೇ ಎಷ್ಟು ಹೆಂಗಸರು ಬರಿಗೈಯಾದರೋ ದೇವರಿಗೇ ಗೊತ್ತು. ಮರುವರ್ಷ ಕಂದಾಯ ಕಟ್ಟಲು ಸಲೀಸಾಗಲಿ ಎಂದು ಖಾತೆ ಆವಲಪ್ಪನ ಹೆಸರಿಗಾಯಿತು. ತಾಯಿಯೇ ಹೂಂ ಎಂದು ತಲೆಯಾಡಿಸಿದಳು. ಅಂದಿನಿಂದ ಅದು ಆವಲಪ್ಪನ ತೋಟ.

ಅವನು ಯುದ್ಧಕ್ಕೆ ಹೋದಾಗ ಕಪಿಲೆ ಹೊಡೆದವಳು ಇವಳು. ಹೆಂಗಸು ಕಪಿಲೆ ಹೊಡೆದರೆ ಬಾವಿ ಬತ್ತುತ್ತದೆ ಎಂದರು. ಬಾವಿ ಬತ್ತಲಿಲ್ಲ, ಅಂದವರ ಬಾಯಿ ಬತ್ತಿತು. ದ್ರಾಕ್ಷಿ ಚಪ್ಪರ ಹಾಕಿಸಿದವಳೂ ಇವಳೇ. ಅದರ ಒಂದೊಂದು ಕಲ್ಲುಕಂಬ ನೆಟ್ಟ ದಿನ ಯಾವ ವಾರವಾಗಿತ್ತು ಎಂದು ಬೇಕಾದರೂ ಹೇಳುತ್ತಿದ್ದಳು.

ಅರುವತ್ತೊಂದನೇ ಇಸವಿಯ ಮಾಘದಲ್ಲಿ ಬ್ಯಾಟರಾಯಪ್ಪ ಎಂಬ ಜಮೀನು ದಲ್ಲಾಳಿ ಯಲಹಂಕದಿಂದ ಸೈಕಲ್ಲಿನಲ್ಲಿ ಬಂದ. ತೋಟವನ್ನು ಸುತ್ತಿ, ಬಾವಿಯೊಳಗೆ ಇಣುಕಿ, ಬಂದು ಜಗುಲಿಯ ಮೇಲೆ ಕೂತ. ಆವಲಪ್ಪನ ಸುಮಾತ್ರವನ್ನೂ ಮೀರಿಸುವ ಕತೆ ಅವನ ಹತ್ತಿರವಿತ್ತು.

"ಜಾಲಹಳ್ಳಿ ಕಾರ್ಖಾನೆ ಕೂಗು ಕೇಳಿಸ್ತದಲ್ಲ ಅಣ್ಣ? ಅದು ಬರೀ ಕೂಗಲ್ಲ, ನಿಮ್ಮನ್ನೇ ಕರೀತಿರೋದು. ಸಾವಿರಾರು ಜನಕ್ಕೆ ಮನೆ ಬೇಕು. ಇಲ್ಲೆಲ್ಲ ಸಾಲು ಸಾಲು ಮನೆ, ಕರೆಂಟು ದೀಪ, ಟಾರು ರಸ್ತೆ. ಪೇಟೆ ಸಾಹುಕಾರ್ರು ಒಬ್ರು ನಿಮ್ ತೋಟಾನೇ ಕೇಳ್ತಾವ್ರೆ. ಈ ದುಡ್ಡಲ್ಲಿ ನೀವೊಂದು ಲಾರಿ ತಗೋಬೌದು."

ಲಾರಿ! ಆವಲಪ್ಪನ ಕಣ್ಣು ಬೆಳಗಿದವು. ಅವನನ್ನು ಸುಮ್ಮನೆ ಬೈಯಬೇಡಿ, ರಾಗಿಹೊಲ ಬಿಟ್ಟು ಬೇರೇನೂ ಕಾಣದ ಕಡೆ ದೀಪದ ಸಾಲು ಕಾಣಿಸಿದರೆ ಯಾರಿಗೆ ಬೆರಗಾಗದು? ಬಾಗಿಲಲ್ಲಿ ನಿಂತ ಮುನಿಕೆಂಪಮ್ಮನಿಗೂ ಒಂದು ಗಳಿಗೆ ಬೆರಗಾಯಿತು. ಆ ದೀಪದ ಬೆಳಕಿನಲ್ಲಿ ತನ್ನ ಬಾವಿ ಎಲ್ಲಿದೆ ಎಂದು ಹುಡುಕಿದಳು. ಸಿಗಲಿಲ್ಲ.

"ಸೋಮವಾರ ರುಜು ಆಕ್ಬುಡ್ತೀನಿ" ಎಂದ ಆವಲಪ್ಪ. ಹೆಂಡತಿಯನ್ನು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಕೆಟ್ಟತನವಲ್ಲ, ಅಭ್ಯಾಸ. ಅಭ್ಯಾಸ ಕೆಟ್ಟತನಕ್ಕಿಂತ ಗಟ್ಟಿ.

ಅಷ್ಟರಲ್ಲಿ ಮುನಿರಾಮಯ್ಯನೂ ಇನ್ನಿಬ್ಬರೂ ಬಂದು ಕೂತಿದ್ದರು. ಹೊಸ ಕಿವಿ ಸಿಕ್ಕಿದ ಖುಷಿಯಲ್ಲಿ ಆವಲಪ್ಪ ದಲ್ಲಾಳಿಗೆ ಸುಮಾತ್ರವನ್ನು ಮೊದಲಿನಿಂದ ಬಡಿಸಿದ. ಮೆಟ್ಟಿಲುಗದ್ದೆ, ಮೀನು, ಕೊಂಬಿನ ಮಾಡು, ಮುದುಕಿ. ಕೊನೆಗೆ ಬೆರಳು ಎತ್ತಿದ. "ಅಡ ಇಡ್ಬೇಕಂದ್ರೂ ನಾಕೇ ಕಾರ್ಣ..."

ಮುನಿಕೆಂಪಮ್ಮ ಹೊಸ್ತಿಲು ದಾಟಿ ಜಗುಲಿಗೆ ಬಂದಳು. ಗಂಡಸರು ಕೂತಲ್ಲಿಗೆ ಅವಳು ಬರುವವಳಲ್ಲ.

"ಏನಂದ್ರೆ, ನಮ್ಮನೇಲಿ ಎಣ ಬಿದ್ದದಾ?"

"ಬುಡ್ತು ಅನ್ನು! ಏನೇ ನಿಂದು?"

"ಬಿದ್ದದಾ ಇಲ್ವಾ, ಏಳಿ."

"ಇಲ್ಲ."

"ಬೆಳ್ದ ಮಗ್ಳು ಮದ್ವೆ ಇಲ್ದೆ ಕೂತವ್ಳಾ?"

"ಗೋಪಾಲಮ್ಮನ್ನ ಓದ್ವರ್ಸಾನೇ ಬಾಗಲೂರ್ಗೆ ಕೊಟ್ಟಿಲ್ವೇನೆ?"

"ಮಾಡು ಸೋರ್ತದಾ?"

ಆವಲಪ್ಪ ಮೇಲೆ ನೋಡಿದ. ದೀಪಾವಳಿಗೆ ಮುಂಚೆ ತಾನೇ ಒಡೆದ ಹೆಂಚು ಬದಲಿಸಿ ಕೈಯಾಡಿಸಿದ್ದ. "ಇಲ್ಲ" ಎಂದ, ದನಿ ತಗ್ಗಿತ್ತು.

"ಯಾವ ಯಜಮಾನನ್ಗೆ ಪಟ್ಟ ಕಟ್ಬೇಕು?"

ಆವಲಪ್ಪನ ನಾಲ್ಕನೇ ಬೆರಳು ಗಾಳಿಯಲ್ಲೇ ಉಳಿದಿತ್ತು.

"ಈ ನಾಕ್ ಬಿಟ್ರೆ?" ಎಂದಳು ಮುನಿಕೆಂಪಮ್ಮ.

"ಐದ್ನೇದಿಲ್ಲ" ಎಂದ ಮುನಿರಾಮಯ್ಯ. ಹದಿನಾಲ್ಕು ವರ್ಷದ ರೂಢಿ, ಬಾಯಿ ತಡೆಯಲಿಲ್ಲ. ಅಂದ ಮೇಲೆ ತಾನೇ ಬೆಚ್ಚಿ ಆವಲಪ್ಪನ ಮುಖ ನೋಡಿದ. ಯಾರೂ ನಗಲಿಲ್ಲ. ದಲ್ಲಾಳಿಗೆ ಏನು ನಡೆಯಿತೆಂದು ಅರ್ಥವಾಗಲಿಲ್ಲ, ತನ್ನ ಕೆಲಸ ಕೆಟ್ಟಿತು ಎನ್ನುವುದು ಮಾತ್ರ ಅರ್ಥವಾಯಿತು.

ಆವಲಪ್ಪ ಹೆಂಡತಿಯನ್ನು ನೋಡುತ್ತಲೇ ಇದ್ದ. ಇಷ್ಟು ವರ್ಷ ಊರಿಗೆಲ್ಲ ಹಂಚಿದ್ದ ಕತೆಯನ್ನು ಒಬ್ಬಳು ಮಾತ್ರ ನಂಬಿದ್ದಳು. ಅವಳು ತನ್ನ ಮನೆಯೊಳಗೇ ಇದ್ದಳು.

ಸೋಮವಾರ ಅವನು ಪಲ್ಟನ್ನಿನ ಹಳೇ ಕೋಟು ಹಾಕಿಕೊಂಡು, ಅವಳನ್ನೂ ಕರೆದುಕೊಂಡು, ಶ್ಯಾನುಭೋಗ ವೆಂಕಟರಾಮಯ್ಯನವರ ಮನೆಗೆ ಹೋದ. ವಿಷಯ ಕೇಳಿ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹೆಂಡ್ತಿಗೆ ದಾನ ಕೊಡ್ತಿದೀನಿ ಅಂತ ಬರೀಲೇನಯ್ಯ?"

"ದಾನ ಅನ್ನೋದು ಬ್ಯಾಡಿ ಸ್ವಾಮಿ. ಅವ್ಳ್ದು ಅವ್ಳಿಗೆ ಅಂತ ಬರೀರಿ."

"ಹಾಗೆಲ್ಲ ಬರೆಯೋ ಪದ್ಧತಿ ಇಲ್ಲ ಕಣೋ" ಎಂದು ಗೊಣಗಿದರೂ ಅವರು ಬರೆದರು: ಅರಿಶಿನ ಕುಂಕುಮದ ಬಾಬತ್ತು ಇವರ ತವರಿನಿಂದ ಬಂದ ತೋಟವನ್ನು ಇವರ ಸ್ವಾಧೀನಕ್ಕೇ ಬಿಟ್ಟುಕೊಟ್ಟಿದೆ. ಆಮೇಲೆ ನಾಲ್ಕು ದಿಕ್ಕಿನ ಎಲ್ಲೆಯನ್ನು ಗಟ್ಟಿಯಾಗಿ ಓದಿದರು. ಪೂರ್ವಕ್ಕೆ ಮುನಿರಾಮಯ್ಯನ ಹೊಲ, ಪಶ್ಚಿಮಕ್ಕೆ ಕೆರೆಯ ಕಾಲುವೆ. "ನಾಳೆ ಮುನಿರಾಮಯ್ಯ ಪತ್ರ ಬರೆಸಿದರೂ ಪಶ್ಚಿಮಕ್ಕೆ ಮುನಿಕೆಂಪಮ್ಮನ ತೋಟ ಅಂತಲೇ ಬರೀಬೇಕು ಕಣಮ್ಮ" ಎಂದರು.

ಮುನಿಕೆಂಪಮ್ಮ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಬೇರೆಯವರ ಜಮೀನು ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಲು ಇನ್ನು ತನ್ನ ಹೆಸರು ಬೇಕು! ಆವಲಪ್ಪ ರುಜು ಹಾಕಿದ ಮೇಲೆ ಅವಳು ನೀಲಿ ಮಸಿ ಹತ್ತಿದ ಹೆಬ್ಬೆರಳನ್ನು ಕಾಗದದ ಮೇಲೆ ಒತ್ತಿ, ಎತ್ತಿ, ಆ ಗುರುತನ್ನೇ ನೋಡಿದಳು. ಇನ್ನು ಪೇಟೆಯ ಕಚೇರಿಯಲ್ಲಿ ರಿಜಿಸ್ಟರ್ ಆದರೆ ಮುಗಿಯಿತು ಎಂದರು ಶ್ಯಾನುಭೋಗರು.

ಹಿಂದಿರುಗುವ ದಾರಿಯಲ್ಲಿ ಅವಳು ಗಂಡನನ್ನು ಕೇಳಿದಳು.

"ಆ ಮುದುಕಿ ಎಸ್ರೇನು?"

"ಯಾವ ಮುದುಕಿ?"

"ಸುಮಾತ್ರದೋಳು."

ಆವಲಪ್ಪ ನಿಂತುಬಿಟ್ಟ. ಆ ಮನೆಯ ಕಂಬ ಎಷ್ಟು, ಕೋಳಿ ಎಷ್ಟು, ಎಲ್ಲ ನೆನಪಿತ್ತು. ಒಂದು ವರ್ಷ ಅವಳ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಮೆದ್ದಿದ್ದ.

"ಕೇಳ್ಲಿಲ್ಲ ಕಣೆ" ಎಂದ.

ಕಪಿಲೆ ಹೊಡೆಯುವ ಹೊತ್ತಾಗಿತ್ತು. ಮಸಿ ಹತ್ತಿದ ಹೆಬ್ಬೆರಳನ್ನು ಸೆರಗಿಗೆ ಒರೆಸದೆ, ಹಾಗೇ ಎತ್ತಿ ಹಿಡಿದುಕೊಂಡು, ಮುನಿಕೆಂಪಮ್ಮ ಮುಂದೆ ಮುಂದೆ ತೋಟದ ಕಡೆ ನಡೆದಳು.